ಇಂಗ್ಲೆಂಡಿಗೆ ಇಂಗ್ಲೆಂಡನ್ನೇ ನೆನಪಿಸಿದ ಅಜ್ಜ

ಹೈಸ್ಕೂಲಿನಲ್ಲಿ ದಾದಾಭಾಯಿ ನವರೋಜಿ ಎಂದರೆ ನಮಗೆ ಎರಡು ಅಂಕದ ಪ್ರಶ್ನೆ. ಸಂಪತ್ತಿನ ಸೋರಿಕೆ ಸಿದ್ಧಾಂತ ಎಂದರೇನು, ಮಂಡಿಸಿದವರು ಯಾರು? ಎರಡು ಸಾಲು ಬರೆದರೆ ಎರಡು ಅಂಕ, ಮುಂದಿನ ಪ್ರಶ್ನೆ. ಮುಂಬೈಗೆ ಬಂದ ಮೇಲೆ ಅವರು ನನಗೊಂದು ವಿಳಾಸವಾದರು. ನನ್ನ ಆಫೀಸು ಫೋರ್ಟ್‌ನಲ್ಲಿದೆ. ಸಿಎಸ್‌ಎಂಟಿಯಲ್ಲಿ ಲೋಕಲ್‌ನಿಂದ ಇಳಿದು, ಡಿ.ಎನ್. ರೋಡ್ ಹಿಡಿದು ಫ್ಲೋರಾ ಫೌಂಟನ್ ಕಡೆಗೆ ನಡೆಯುವುದು ಎಂಟು ವರ್ಷಗಳ ರೂಢಿ. ಕಲ್ಲಿನ ಕಮಾನುಗಳ ಕೆಳಗೆ ಬೆಲ್ಟು, ಮೊಬೈಲ್ ಕವರು, ವಾಚು ಮಾರುವವರ ಸಾಲು. ಡಿ.ಎನ್. ಎಂದರೆ ದಾದಾಭಾಯಿ ನವರೋಜಿ ಎಂದು ನನಗೆ ಗೊತ್ತಾಗಿದ್ದು ಮೂರನೆಯ ವರ್ಷದಲ್ಲಿ, ಅದೂ ಯಾವುದೋ ಫಾರ್ಮಿನಲ್ಲಿ ಆಫೀಸಿನ ಪೂರ್ತಿ ವಿಳಾಸ ಬರೆಯಬೇಕಾಗಿ ಬಂದಾಗ. ಬ್ರಿಟಿಷರ ಕಾಲದಲ್ಲಿ ಈ ರಸ್ತೆಗೆ ಹಾರ್ನ್‌ಬಿ ಎಂಬ ಗವರ್ನರನ ಹೆಸರಿತ್ತು. ಈಗ ಫ್ಲೋರಾ ಫೌಂಟನ್ ತುದಿಯಲ್ಲಿ ನವರೋಜಿಯವರ ಪ್ರತಿಮೆ ಇದೆ. ಬಸ್ಸು ಹಿಡಿಯುವ ಅವಸರದಲ್ಲಿ ಅದರ ಮುಂದೆ ನಿಂತವರನ್ನು ನಾನಂತೂ ಕಂಡಿಲ್ಲ.

ನಮ್ಮಜ್ಜ ಧಾರವಾಡದ ಒಂದು ಶಾಲೆಯಲ್ಲಿ ಇಂಗ್ಲಿಷ್ ಮಾಸ್ತರರಾಗಿದ್ದರು. ಉಡುತ್ತಿದ್ದದ್ದು ಖಾದಿ, ಪಡಸಾಲೆಯ ಗೋಡೆಯ ಮೇಲೆ ಗಾಂಧೀಜಿ ಫೋಟೊ. ಆದರೆ ಅಟ್ಟದ ಮೇಲಿನ ಟ್ರಂಕಿನ ತುಂಬ ಶೇಕ್ಸ್‌ಪಿಯರ್, ವರ್ಡ್ಸ್‌ವರ್ತ್, ಡಿಕನ್ಸ್. ಬೇಸಿಗೆ ರಜೆಯಲ್ಲಿ ಮೊಮ್ಮಕ್ಕಳನ್ನೆಲ್ಲ ಕೂರಿಸಿಕೊಂಡು ಅದನ್ನೇ ಓದಿಸುತ್ತಿದ್ದರು. ನಮ್ಮನ್ನು ಆಳಿದವರ ಪುಸ್ತಕವನ್ನು ಯಾಕಿಷ್ಟು ಪ್ರೀತಿಯಿಂದ ಓದುತ್ತೀರಿ ಎಂದು ಒಮ್ಮೆ ಕೇಳಿದ್ದೆ. ಪುಸ್ತಕ ಬರೆದವರು ಬೇರೆ, ಲಾಠಿ ಹಿಡಿದವರು ಬೇರೆ ಅಂದಿದ್ದರು. ಆ ಉತ್ತರ ನನಗೆ ಸಾಕಾಗಿರಲಿಲ್ಲ. ಇಬ್ಬರೂ ಒಂದೇ ಊರಿನವರಲ್ಲವೇ? ನವರೋಜಿಯವರ ಬದುಕನ್ನು ನಾನು ಓದತೊಡಗಿದ್ದು ಹೆಚ್ಚುಕಡಿಮೆ ಈ ಪ್ರಶ್ನೆಯ ಸಲುವಾಗಿ. ಇಂಗ್ಲೆಂಡನ್ನು ಅವರಷ್ಟು ಪ್ರೀತಿಸಿದ ಭಾರತೀಯರೂ ಕಡಿಮೆ, ಇಂಗ್ಲೆಂಡಿನ ಮುಂದೆ ಕೂತು ಅವರಷ್ಟು ಕಟ್ಟುನಿಟ್ಟಾಗಿ ಲೆಕ್ಕ ಕೇಳಿದವರೂ ಕಡಿಮೆ.

ಅವರು ಹುಟ್ಟಿದ್ದು 1825ರ ಸೆಪ್ಟೆಂಬರ್ 4ರಂದು, ಬಡ ಪಾರ್ಸಿ ಪುರೋಹಿತರ ಮನೆಯಲ್ಲಿ. ನಾಲ್ಕು ವರ್ಷದ ಮಗುವಾಗಿದ್ದಾಗ ತಂದೆ ತೀರಿಕೊಂಡರು. ತಾಯಿ ಮಾಣೆಕ್‌ಬಾಯಿಗೆ ಓದುಬರಹ ಬರುತ್ತಿರಲಿಲ್ಲ. ಆದರೂ ಇದ್ದೊಬ್ಬ ಮಗನನ್ನು ಓದಿಸಲೇಬೇಕೆಂದು ಹಟ ಹಿಡಿದು ದುಡಿದರು. ಹನ್ನೊಂದನೆಯ ವಯಸ್ಸಿಗೆ ಮದುವೆಯಾಯಿತು, ಹುಡುಗಿ ಗುಲ್‌ಬಾಯಿಗೆ ಏಳು. ಹುಡುಗ ಬೆಳ್ಳಗಿದ್ದ, ಗಿಡ್ಡಗಿದ್ದ, ನೋಡಲು ಲಕ್ಷಣವಾಗಿದ್ದ. ಹಬ್ಬ ಮೆರವಣಿಗೆಗಳಲ್ಲಿ ದೊಡ್ಡವರು ಅವನಿಗೆ ಇಂಗ್ಲಿಷರ ದರ್ಬಾರಿ ಪೋಷಾಕು ತೊಡಿಸಿ ಎಲ್ಲರಿಗೂ ತೋರಿಸಿ ಖುಷಿಪಡುತ್ತಿದ್ದರಂತೆ. ಮುಂದೆ ಆ ಪೋಷಾಕಿನ ದೇಶದಲ್ಲೇ ತನ್ನ ಅರ್ಧ ಆಯುಷ್ಯ ಕಳೆಯುತ್ತದೆಂದು ಆಗ ಕನಸಿನಲ್ಲೂ ಎಣಿಸಿರಲಿಲ್ಲವೆಂದು ಮುದುಕರಾದ ಮೇಲೆ ಅವರೇ ನೆನೆಸಿಕೊಂಡಿದ್ದಾರೆ.

ಬಾಂಬೆಯಲ್ಲಿ ಆಗ ನೇಟಿವ್ ಎಜುಕೇಷನ್ ಸೊಸೈಟಿಯ ಶಾಲೆಗಳಲ್ಲಿ ಶುಲ್ಕವಿರಲಿಲ್ಲ. ಶುಲ್ಕವಿದ್ದಿದ್ದರೆ ವಿಧವೆಯ ಮಗ ಓದುವ ಮಾತೇ ಇರಲಿಲ್ಲ. ಇದು ಅವರ ಮನಸ್ಸಿನಲ್ಲಿ ಆಳವಾಗಿ ಕೂತಿತು. ಊರಿನವರ ದುಡ್ಡಿನಲ್ಲಿ ಓದಿದವನು ಊರಿಗೆ ಸಾಲಗಾರ ಎಂಬ ಲೆಕ್ಕ. ಅಲ್ಲಿಂದ ಎಲ್ಫಿನ್‌ಸ್ಟನ್ ಇನ್‌ಸ್ಟಿಟ್ಯೂಷನ್. ಗಣಿತದಲ್ಲಿ ಹುಡುಗ ಎಷ್ಟು ಚುರುಕೆಂದರೆ, ಶಿಕ್ಷಣ ಮಂಡಳಿಯ ಅಧ್ಯಕ್ಷರಾಗಿದ್ದ ನ್ಯಾಯಾಧೀಶ ಎರ್ಸ್‌ಕಿನ್ ಪೆರಿ ಇವನನ್ನು ಕಾನೂನು ಓದಲು ಇಂಗ್ಲೆಂಡಿಗೆ ಕಳಿಸೋಣ, ಅರ್ಧ ಖರ್ಚು ನನ್ನದು, ಉಳಿದರ್ಧ ಪಾರ್ಸಿ ಸಮಾಜದ್ದು ಎಂದರು. ಪಾರ್ಸಿ ಹಿರಿಯರು ಒಪ್ಪಲಿಲ್ಲ. ಕೆಲವೇ ವರ್ಷಗಳ ಹಿಂದೆ, 1839ರಲ್ಲಿ, ಇಬ್ಬರು ಪಾರ್ಸಿ ಹುಡುಗರು ಕ್ರೈಸ್ತರಾಗಿ ದೊಡ್ಡ ಗಲಾಟೆಯೇ ಆಗಿತ್ತು. ಇವನೂ ಹೋಗಿ ಕಿರಿಸ್ತಾನನಾಗಿ ಬಂದರೆ ಏನು ಗತಿ ಎಂಬ ಹೆದರಿಕೆ.

ಇಂಗ್ಲೆಂಡಿಗೆ ಹೋಗದಿದ್ದರೂ ಇಂಗ್ಲೆಂಡು ಪುಸ್ತಕಗಳಲ್ಲಿ ಅವರ ಬಳಿಗೆ ಬಂದಿತ್ತು. ರಾಜನಾದರೂ ಕಾನೂನಿಗೆ ತಲೆಬಾಗಬೇಕು, ತೆರಿಗೆ ಕೊಡುವವನಿಗೆ ಪ್ರಶ್ನೆ ಕೇಳುವ ಹಕ್ಕಿದೆ, ಕೊಟ್ಟ ಮಾತಿಗೆ ನಡೆದುಕೊಳ್ಳಬೇಕು ಎಂಬ ಮಾತುಗಳನ್ನು ಆ ತಲೆಮಾರಿನ ಹುಡುಗರು ಬರೀ ಪರೀಕ್ಷೆಗೆ ಓದಲಿಲ್ಲ, ನಂಬಿದರು. ನಂಬಿದ್ದನ್ನು ಮೊದಲು ಪ್ರಯೋಗ ಮಾಡಿದ್ದು ತಮ್ಮ ಮನೆಯ ಮೇಲೆಯೇ. 1849ರಲ್ಲಿ ನವರೋಜಿ ಮತ್ತು ಗೆಳೆಯರು ಹೆಣ್ಣುಮಕ್ಕಳ ಶಾಲೆ ತೆರೆದರು. ಬೆಳಗ್ಗೆ ಕಾಲೇಜಿಗೆ ಮುಂಚೆ ತಾವೇ ಸಂಬಳವಿಲ್ಲದೆ ಪಾಠ ಮಾಡಿದರು. ಹುಡುಗಿಯರನ್ನು ಕಳಿಸಿಕೊಡಿ ಎಂದು ಮನೆಮನೆ ತಿರುಗಿದಾಗ, ಮೆಟ್ಟಿಲಿನಿಂದ ಕೆಳಗೆ ದಬ್ಬುತ್ತೇವೆ ಎಂದ ಅಪ್ಪಂದಿರೂ ಇದ್ದರು. ಕೆಲವೇ ವರ್ಷಗಳಲ್ಲಿ ಎಲ್ಫಿನ್‌ಸ್ಟನ್‌ನಲ್ಲೇ ಗಣಿತ ಮತ್ತು ಭೌತವಿಜ್ಞಾನದ ಪ್ರೊಫೆಸರಾದರು. ಅಲ್ಲಿ ಆ ಹುದ್ದೆಗೇರಿದ ಮೊದಲ ಭಾರತೀಯ. ಮುಂದೆ ಎಷ್ಟೋ ಬಿರುದು ಬಂದರೂ ಪ್ರೊಫೆಸರ್ ಎಂಬುದೇ ಅವರಿಗೆ ಎಲ್ಲಕ್ಕಿಂತ ಸಿಹಿಯಾದ ಬಿರುದಾಗಿತ್ತು.

ಅಂಥ ಹುದ್ದೆ ಬಿಟ್ಟು 1855ರಲ್ಲಿ ಲಂಡನ್ನಿಗೆ ಹೊರಟರು, ವ್ಯಾಪಾರಕ್ಕೆ! ಕಾಮಾ ಕುಟುಂಬದವರು ಲಂಡನ್ ಮತ್ತು ಲಿವರ್‌ಪೂಲ್‌ನಲ್ಲಿ ತೆರೆದ ಕಂಪನಿಗೆ ಪಾಲುದಾರರಾಗಿ. ಇಂಗ್ಲೆಂಡಿನಲ್ಲಿ ಭಾರತೀಯರದ್ದೇ ಎಂಬ ಮೊದಲ ಕಂಪನಿ ಅದು. ಸಹೋದ್ಯೋಗಿಗಳು ದಂಗಾದರಂತೆ. ಮೇಷ್ಟ್ರು ಅಂಗಡಿ ಹಾಕುವುದೆಂದರೇನು ಎಂದು. ಎಂಟೆಕ್ ಮುಗಿಸಿ ಪಾಠ ಮಾಡುವ ಆಸೆ ಬಿಟ್ಟು ಕಂಪನಿ ಸೇರಿದ ನನ್ನಂಥವನಿಗೆ ಈ ಭಾಗ ಓದುವಾಗ ಸ್ವಲ್ಪ ಮುಜುಗರ, ಸ್ವಲ್ಪ ಸಮಾಧಾನ. ಆದರೆ ಕಾಮಾ ಕಂಪನಿ ಅಫೀಮು ಮತ್ತು ಮದ್ಯದ ವ್ಯವಹಾರವನ್ನೂ ಮಾಡುತ್ತಿತ್ತು. ಅದರ ಲಾಭ ನನಗೆ ಬೇಡ ಎಂದು ಮೂರೇ ವರ್ಷಕ್ಕೆ ಹೊರಬಂದು ಸ್ವಂತ ಹತ್ತಿ ವ್ಯಾಪಾರ ಶುರುಮಾಡಿದರು. ಜೊತೆಗೆ ಯೂನಿವರ್ಸಿಟಿ ಕಾಲೇಜಿನಲ್ಲಿ ಗುಜರಾತಿ ಪ್ರೊಫೆಸರ್. ಅಮೆರಿಕದ ಅಂತರ್ಯುದ್ಧ ಮುಗಿದು ಹತ್ತಿಯ ಬೆಲೆ ಕುಸಿದಾಗ ಆ ವ್ಯಾಪಾರವೂ ಮುಳುಗಿತು.

ಲಂಡನ್ ಅವರಿಗೆ ಹಿಡಿಸಿತು. ಸಂಘಗಳು, ಗ್ರಂಥಾಲಯಗಳು, ಸಾರ್ವಜನಿಕ ಸಭೆಗಳು, ಮಂತ್ರಿಯನ್ನೂ ಬಿಡದೆ ಬೆಳಗಿನ ಪತ್ರಿಕೆಯಲ್ಲಿ ಜಾಲಾಡುವ ಪದ್ಧತಿ, ಎಲ್ಲವೂ. ಪುಸ್ತಕದ ಇಂಗ್ಲೆಂಡು ಸುಳ್ಳಾಗಿರಲಿಲ್ಲ. ಆದರೆ ಆ ಇಂಗ್ಲೆಂಡಿನ ಬಾಗಿಲು ತಮ್ಮ ಮುಂದೆ ಬಂದಾಗ ಅರ್ಧವೇ ತೆರೆಯುತ್ತದೆ ಎಂಬುದು ಬೇಗ ಗೊತ್ತಾಯಿತು. 1833ರ ಚಾರ್ಟರ್ ಕಾಯ್ದೆಯ 87ನೇ ಕಲಮು, ಧರ್ಮ, ಹುಟ್ಟಿದ ಊರು, ಬಣ್ಣದ ಕಾರಣಕ್ಕೆ ಯಾವ ಭಾರತೀಯನಿಗೂ ಸರ್ಕಾರಿ ಹುದ್ದೆ ತಪ್ಪಕೂಡದು ಎನ್ನುತ್ತಿತ್ತು. 1858ರ ರಾಣಿಯ ಘೋಷಣೆಯೂ ಅದನ್ನೇ ಹೇಳಿತು. ನಡೆದದ್ದೇನು? ಸಿವಿಲ್ ಸರ್ವಿಸ್ ಪರೀಕ್ಷೆ ಲಂಡನ್ನಿನಲ್ಲಿ ಮಾತ್ರ. ಹಡಗಿನ ಖರ್ಚು ಹೊಂದಿಸಿ, ಜಾತಿಯವರ ಬಹಿಷ್ಕಾರಕ್ಕೆ ಹೆದರದೆ ಸಮುದ್ರ ದಾಟಿ, ಪರಭಾಷೆಯಲ್ಲಿ ಬರೆಯಬೇಕು. 1863ರಲ್ಲಿ ಸತ್ಯೇಂದ್ರನಾಥ ಟಾಗೋರ್ ಪಾಸಾದರು. ಅವರ ಹಿಂದೆ ಇನ್ನಷ್ಟು ಹುಡುಗರು ಬರತೊಡಗಿದಂತೆ ವಯೋಮಿತಿ ಇಳಿಯುತ್ತ ಹೋಯಿತು, 1870ರ ದಶಕದ ಕೊನೆಗೆ ಹತ್ತೊಂಬತ್ತಕ್ಕೆ ಬಂದು ನಿಂತಿತು. ಕಾನೂನಿನಲ್ಲಿ ಬಾಗಿಲು ತೆರೆದೇ ಇತ್ತು, ಮುಂದಿನ ಮೆಟ್ಟಿಲನ್ನಷ್ಟೇ ಕಿತ್ತಿದ್ದರು.

1866ರಲ್ಲಿ ಲಂಡನ್ನಿನ ಎತ್ನಾಲಜಿಕಲ್ ಸೊಸೈಟಿಯ ಅಧ್ಯಕ್ಷ ಜಾನ್ ಕ್ರಾಫರ್ಡ್ ಏಷ್ಯಾದ ಜನ ಯುರೋಪಿಯನ್ನರಿಗಿಂತ ಬುದ್ಧಿಯಲ್ಲೂ ನಡತೆಯಲ್ಲೂ ಕೀಳು ಎಂದು ಪ್ರಬಂಧ ಓದಿದರು. ಕೆಲವೇ ವಾರಗಳಲ್ಲಿ ನವರೋಜಿ ಅದೇ ಸೊಸೈಟಿಯಲ್ಲಿ ಎದ್ದು ನಿಂತು ಉತ್ತರ ಓದಿದರು. ಬೈಗುಳವಿಲ್ಲ, ಕಣ್ಣೀರಿಲ್ಲ. ಕ್ರಾಫರ್ಡರ ಒಂದೊಂದು ಮಾತನ್ನೂ ಎತ್ತಿಕೊಂಡು, ಭಾರತದಲ್ಲಿ ಕೆಲಸ ಮಾಡಿದ ಇಂಗ್ಲಿಷ್ ಅಧಿಕಾರಿಗಳು, ವಿದ್ವಾಂಸರು ಬರೆದಿಟ್ಟದ್ದರಿಂದಲೇ ಅದನ್ನು ತಳ್ಳಿಹಾಕುವುದು. ಮುಂದಿನ ನಲವತ್ತು ವರ್ಷ ಅವರ ವರಸೆ ಇದೇ. ಸಾಕ್ಷಿಯೂ ನಿಮ್ಮದೇ, ಕಾನೂನೂ ನಿಮ್ಮದೇ, ಈಗ ತೀರ್ಪನ್ನೂ ನೀವೇ ಹೇಳಿ. ಅದೇ ವರ್ಷ ಈಸ್ಟ್ ಇಂಡಿಯಾ ಅಸೋಸಿಯೇಷನ್ ಕಟ್ಟಿದರು, ಮರುವರ್ಷ ಮೇ ತಿಂಗಳಲ್ಲಿ ಅದರ ವೇದಿಕೆಯಿಂದ ಇಂಗ್ಲೆಂಡು ಭಾರತಕ್ಕೆ ಎಷ್ಟು ಋಣಿ ಎಂಬ ಲೆಕ್ಕ ಬಿಚ್ಚಿದರು. ಭಾರತದಲ್ಲಿ ಸಂಗ್ರಹವಾಗುವ ಕಂದಾಯದ ಸುಮಾರು ಕಾಲು ಭಾಗ ದೇಶದಿಂದಲೇ ಹೊರಟು ಹೋಗುತ್ತದೆ ಎಂಬುದು ಅದರ ತಿರುಳು.

ನಮ್ಮ ಎರಡು ಅಂಕದ ಉತ್ತರದಲ್ಲಿ ಇಲ್ಲದ ಭಾಗ ಈ ಲೆಕ್ಕದ ಒಳಗಿದೆ. ಅವರು ಹೇಳಿದ್ದು ಯಾರೋ ರಾತ್ರಿ ಬಂದು ಖಜಾನೆ ದೋಚಿದ ಕಥೆಯಲ್ಲ. ರೈತನ ಕಂದಾಯದಿಂದ ಇಂಗ್ಲಿಷ್ ಕಲೆಕ್ಟರನ ಸಂಬಳ. ಅವನು ಉಳಿಸಿದ್ದು ಇಂಗ್ಲೆಂಡಿಗೆ. ಅವನು ನಿವೃತ್ತನಾದ ಮೇಲೆ ಪಿಂಚಣಿ ಇಂಗ್ಲೆಂಡಿಗೆ. ಲಂಡನ್ನಿನ ಇಂಡಿಯಾ ಆಫೀಸಿನ ಖರ್ಚು, ರೈಲ್ವೆಗೆ ಹಣ ಹೂಡಿದ ಇಂಗ್ಲಿಷರಿಗೆ ಖಾತರಿ ಬಡ್ಡಿ, ಸಾಮ್ರಾಜ್ಯದ ಯುದ್ಧಗಳ ಪಾಲು, ಎಲ್ಲವೂ ಭಾರತದ ಖಾತೆಗೆ. ಹಳೆಯ ಕಾಲದ ದಾಳಿಕೋರ ಲೂಟಿ ಮಾಡಿ ಹೋದ ಮೇಲೆ ಗಾಯ ಮಾಯುತ್ತಿತ್ತು, ಇಲ್ಲಿ ಗಾಯವನ್ನು ಮಾಯಲು ಬಿಡುವುದೇ ಇಲ್ಲ ಎಂಬುದು ಅವರ ವಾದ. ಓದುತ್ತ ನನಗೊಂದು ತುಂಟ ಪ್ರಶ್ನೆ ಬಂತು. ಪ್ರತಿ ತಿಂಗಳು ಮೊದಲ ವಾರ ಮುಂಬೈಯ ಸಂಬಳದಿಂದ ಧಾರವಾಡಕ್ಕೆ ದುಡ್ಡು ಕಳಿಸುವ ನಾನೂ ಒಂದು ಸೋರಿಕೆಯೇ? ಹೊರಗಿದ್ದು ಊರಿಗೆ ಕಳಿಸುವ ನಿಮ್ಮಲ್ಲೂ ಎಷ್ಟೋ ಜನ ಇದೇ ಸಾಲಿನವರು. ಆದರೆ ಮುಂಬೈಯ ಕಂದಾಯ ಎಷ್ಟಿರಬೇಕೆಂದು ನಾವು ಗೊತ್ತುಮಾಡುವುದಿಲ್ಲ. ಇಲ್ಲಿನ ಹುಡುಗರಿಗೆ ಕೆಲಸ ಸಿಗದಿರಲೆಂದು ಮುಂಬೈ ಮಹಾನಗರಪಾಲಿಕೆಯ ಪರೀಕ್ಷೆಯನ್ನು ಧಾರವಾಡದಲ್ಲಿ ಇಡಿಸುವುದೂ ಇಲ್ಲ.

ಭಾರತೀಯನೊಬ್ಬನ ವರ್ಷದ ಆದಾಯ ಎಷ್ಟು ಎಂದು ಸರ್ಕಾರಕ್ಕೇ ತಿಳಿದಿರಲಿಲ್ಲ. ನವರೋಜಿ ಪ್ರಾಂತ್ಯವಾರು ಕೃಷಿ ಉತ್ಪನ್ನ, ಉಪ್ಪು, ಗಣಿ, ಕೈಗಾರಿಕೆ ಎಲ್ಲವನ್ನೂ ಸರ್ಕಾರಿ ವರದಿಗಳಿಂದಲೇ ಹೆಕ್ಕಿ ಕೂಡಿ ತಲೆಗೆ ಇಪ್ಪತ್ತು ರೂಪಾಯಿ ಎಂದರು. ಆಮೇಲೆ ಮಾಡಿದ್ದು ಗಣಿತದ ಮೇಷ್ಟ್ರು ಮಾತ್ರ ಮಾಡಬಲ್ಲ ಕೆಲಸ. ಜೈಲುಗಳ ಖರ್ಚಿನ ಪಟ್ಟಿ ತರಿಸಿ, ಕೈದಿಯೊಬ್ಬನಿಗೆ ಅನ್ನ ಬಟ್ಟೆಗೆ ಸರ್ಕಾರ ಎಷ್ಟು ವೆಚ್ಚ ಮಾಡುತ್ತದೆ ನೋಡಿ, ಪಕ್ಕದಲ್ಲಿ ಇಟ್ಟರು. ಕಳ್ಳತನ ಮಾಡಿ ಒಳಗಿರುವವನಿಗೆ ಸಿಗುವಷ್ಟು ಕೂಡ ದುಡಿದು ಹೊರಗಿರುವವನ ಪಾಲಿಗೆ ಬರುತ್ತಿರಲಿಲ್ಲ. ಬದುಕಲು ಕನಿಷ್ಠ ಎಷ್ಟು ಬೇಕು ಎಂದು ಅವರು ಹಾಕಿದ ಅಂದಾಜು, 1867–68ರ ಬೆಲೆಯಲ್ಲಿ, ಪ್ರದೇಶಕ್ಕನುಗುಣವಾಗಿ ವರ್ಷಕ್ಕೆ 16ರಿಂದ 35 ರೂಪಾಯಿ. ನಮ್ಮ ದೇಶದ ಬಡತನ ರೇಖೆಯ ಚರ್ಚೆ ಇಂದಿಗೂ ಈ ಅಂಕಿಯಿಂದಲೇ ಶುರುವಾಗುತ್ತದೆ.

1873ರಲ್ಲಿ ಸಂಸತ್ತಿನ ಸಮಿತಿಯ ಮುಂದೆ ಇದನ್ನೆಲ್ಲ ಇಟ್ಟರು. ಸಮಿತಿ ಅವರ ಟಿಪ್ಪಣಿಯನ್ನು ವರದಿಯಲ್ಲಿ ಸೇರಿಸಲಿಲ್ಲ. ನಡುವೆ ಸುಮಾರು ಒಂದು ವರ್ಷ ಬರೋಡಾದ ದಿವಾನರಾಗಿದ್ದರು. ಅಲ್ಲಿ ಮಹಾರಾಜರೂ ಸರಿಯಿಲ್ಲ, ಬ್ರಿಟಿಷ್ ರೆಸಿಡೆಂಟನೂ ಬಿಡಲಿಲ್ಲ, ರಾಜೀನಾಮೆ ಕೊಟ್ಟು ಬಂದರು. 1876ರಲ್ಲಿ ಭಾರತದ ಬಡತನ ಕುರಿತ ಆ ಟಿಪ್ಪಣಿಯನ್ನು ಬಾಂಬೆಯಲ್ಲಿ ಸಾರ್ವಜನಿಕವಾಗಿ ಓದಿದರು. ಅದೇ ವರ್ಷ ದಕ್ಷಿಣದಲ್ಲಿ ಮಳೆ ಕೈಕೊಟ್ಟಿತು. ನಮ್ಮ ಹಿರಿಯರು ಧಾತು, ಈಶ್ವರ ಸಂವತ್ಸರಗಳ ಬರವೆಂದು ನೆನೆಯುತ್ತಿದ್ದ ಕ್ಷಾಮ ಅದು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಬಳ್ಳಾರಿ, ಧಾರವಾಡ, ವಿಜಾಪುರದ ಕಡೆಯೂ ಊರಿಗೆ ಊರೇ ಬರಿದಾದವು. ಒಂದು ಮಳೆ ತಪ್ಪಿದರೆ ಜನ ಸಾಯುವುದೇಕೆ ಎಂಬ ಪ್ರಶ್ನೆಗೆ ಇಪ್ಪತ್ತು ರೂಪಾಯಿಯ ಲೆಕ್ಕದಲ್ಲಿ ಉತ್ತರ ಆಗಲೇ ಇತ್ತು.

ಇಷ್ಟೆಲ್ಲ ಆದರೂ ಅವರು ಬ್ರಿಟಿಷರನ್ನು ಬಿಟ್ಟು ಹೋಗಿ ಎನ್ನಲಿಲ್ಲ. ಇದು ಬ್ರಿಟಿಷ್ ಆಡಳಿತವೇ ಅಲ್ಲ ಎಂದರು. 1901ರಲ್ಲಿ ತಮ್ಮ ಬರಹಗಳನ್ನೆಲ್ಲ ಸೇರಿಸಿ ತಂದ ದಪ್ಪ ಪುಸ್ತಕದ ಹೆಸರೇ ಪಾವರ್ಟಿ ಅಂಡ್ ಅನ್‌ಬ್ರಿಟಿಷ್ ರೂಲ್ ಇನ್ ಇಂಡಿಯಾ. ಬ್ರಿಟಿಷರಿಗೆ ಒಪ್ಪದ, ಬ್ರಿಟಿಷ್‌ತನವಿಲ್ಲದ ಆಳ್ವಿಕೆ. ಸಾಫ್ಟ್‌ವೇರಿನವನಾದ ನನಗೆ ಇದು ಅರ್ಥವಾಗುವುದು ನಮ್ಮ ಭಾಷೆಯಲ್ಲಿ. 1833ರಲ್ಲಿ ನೀವೇ ಬರೆದುಕೊಟ್ಟ ಸ್ಪೆಕ್ ಇದು, ಸಿಸ್ಟಂ ಹೀಗೆ ನಡೆಯುತ್ತಿಲ್ಲ, ಸರಿಪಡಿಸಿ ಎಂದು ಟಿಕೆಟ್ ಹಾಕಿದರು. ಐವತ್ತು ವರ್ಷ ಅದರ ಸ್ಟೇಟಸ್ ಪರಿಶೀಲನೆಯಲ್ಲಿದೆ ಎಂದೇ ಇತ್ತು. ಇದು ಪ್ರೀತಿಯೋ ಜಾಣತನವೋ ಎಂದು ಬಹಳ ಯೋಚಿಸಿದ್ದೇನೆ. ಎರಡೂ ಎನ್ನಿಸುತ್ತದೆ. ನೀನು ಕೆಟ್ಟವನು ಎಂದರೆ ಎದುರಿನವನು ಕಿವಿ ಮುಚ್ಚಿಕೊಳ್ಳುತ್ತಾನೆ. ನೀನು ನಿನ್ನಂತಿಲ್ಲ ಎಂದರೆ ಒಂದು ಕ್ಷಣವಾದರೂ ಕನ್ನಡಿ ನೋಡುತ್ತಾನೆ.

ಆ ಮಾತನ್ನು ಸಂಸತ್ತಿನ ಒಳಗೇ ಹೋಗಿ ಹೇಳಬೇಕೆಂದು ನವರೋಜಿ ತೀರ್ಮಾನಿಸಿದರು. 1886ರಲ್ಲಿ ಲಂಡನ್ನಿನ ಹೋಲ್‌ಬರ್ನ್ ಕ್ಷೇತ್ರದಿಂದ ಲಿಬರಲ್ ಪಕ್ಷದಿಂದ ನಿಂತು ಸೋತರು. ಅದೇ ಡಿಸೆಂಬರಿನಲ್ಲಿ ಕಲ್ಕತ್ತಾ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾಗಿ, ಮತ್ತೆ ಹಡಗು ಹತ್ತಿದರು. 1888ರ ನವೆಂಬರಿನಲ್ಲಿ ಪ್ರಧಾನಿ ಸಾಲಿಸ್ಬರಿ ಎಡಿನ್‌ಬರೋದ ಭಾಷಣದಲ್ಲಿ ಈ ಸೋಲಿನ ಪ್ರಸ್ತಾಪ ತೆಗೆದು, ಕರಿಯನೊಬ್ಬನನ್ನು ಆರಿಸುವಷ್ಟು ಇಂಗ್ಲಿಷ್ ಮತದಾರರು ಇನ್ನೂ ಮುಂದುವರಿದಿಲ್ಲ ಎಂಬರ್ಥದಲ್ಲಿ ಮಾತಾಡಿದರು. ದೇಶವೆಲ್ಲ ಗುಲ್ಲಾಯಿತು. ರಾತ್ರಿ ಬೆಳಗಾಗುವುದರಲ್ಲಿ ನವರೋಜಿ ಮನೆಮಾತಾದರು. ಅವರ ಪರ ನಿಂತವರಲ್ಲಿ ಹಲವರು ಹೇಳಿದ್ದೇನು ಗೊತ್ತೇ? ಆತ ಕಪ್ಪಗಿಲ್ಲ, ಸಾಲಿಸ್ಬರಿಗಿಂತ ಬೆಳ್ಳಗಿದ್ದಾನೆ ಎಂದು. ಈ ಸಮರ್ಥನೆ ಓದುವಾಗ ನನಗೆ ಬೈಗುಳಕ್ಕಿಂತ ಹೆಚ್ಚು ಕಸಿವಿಸಿಯಾಯಿತು. ಅವಮಾನ ಮಾಡಿದವನ ಅಳತೆಗೋಲನ್ನೇ ಹಿಡಿದು ಮಾನ ಉಳಿಸುವ ಉಪಕಾರ ಅದು.

ಮುಂದಿನ ನಾಲ್ಕು ವರ್ಷ ಸೆಂಟ್ರಲ್ ಫಿನ್ಸ್‌ಬರಿಯಲ್ಲಿ ಮನೆಮನೆ ಸುತ್ತಿದರು. ಕ್ಲಾರ್ಕೆನ್‌ವೆಲ್‌ನ ಗಡಿಯಾರದ ಕುಶಲಕರ್ಮಿಗಳು, ಅಂಗಡಿಯವರು, ಕೂಲಿಗಳು ಇದ್ದ ಕ್ಷೇತ್ರ. ಸ್ವಂತ ಪಕ್ಷದೊಳಗೇ ಇವರ ಟಿಕೆಟ್ ತಪ್ಪಿಸುವ ಪ್ರಯತ್ನ ನಡೆಯಿತು. ಅರವತ್ತು ದಾಟಿದ ವಯಸ್ಸು, ಲಂಡನ್ನಿನ ಚಳಿ. ಐರ್ಲೆಂಡಿನ ಸ್ವಯಮಾಡಳಿತ, ಮಹಿಳೆಯರ ಮತದಾನದ ಹಕ್ಕು ಎರಡನ್ನೂ ಬೆಂಬಲಿಸಿದರು. ಫ್ಲಾರೆನ್ಸ್ ನೈಟಿಂಗೇಲ್ ಇವರ ಪರವಾಗಿ ಬರೆದರು. 1892ರ ಜುಲೈನಲ್ಲಿ ಎಣಿಕೆ ಮುಗಿದಾಗ ಗೆಲುವಿನ ಅಂತರ ಮೂರು ಮತ, ಮರು ಎಣಿಕೆಯಲ್ಲಿ ಐದು. ಇವರಿಗೆ 2,961, ಎದುರಾಳಿಗೆ 2,956. ನವರೋಜಿ ಎಂಬ ಹೆಸರು ನಾಲಿಗೆಗೆ ಹೊರಳದ ಇಂಗ್ಲಿಷರು ನ್ಯಾರೋ ಮೆಜಾರಿಟಿ ಎಂದು ಕರೆದು ನಕ್ಕರಂತೆ. ನಾನು ನೆನೆಸಿಕೊಳ್ಳುವುದು ಆ ಐದು ಮತವನ್ನಲ್ಲ, 2,961ನ್ನು. ಪ್ರಧಾನಿ ಆಗದು ಎಂದದ್ದನ್ನು ಲಂಡನ್ನಿನ ಬೀದಿಯ ಅಷ್ಟು ಜನ ಮಾಡಿ ತೋರಿಸಿದ್ದರು. ಆದರ್ಶದ ಇಂಗ್ಲೆಂಡು ಇದ್ದದ್ದು ಬರೀ ಅಜ್ಜನ ಟ್ರಂಕಿನಲ್ಲಿ ಅಲ್ಲ. ಸಾಲಿಸ್ಬರಿಯೂ ಆ ಗಡಿಯಾರದವನೂ ಒಂದೇ ಊರಿನವರು. ನವರೋಜಿ ಒಬ್ಬನ ಮಾತನ್ನು ಇನ್ನೊಬ್ಬನ ಕೈಯಲ್ಲಿ ಸುಳ್ಳುಮಾಡಿಸಿದರು.

ಪ್ರಮಾಣವಚನವನ್ನು ಬೈಬಲ್ ಮೇಲಲ್ಲ, ತಮ್ಮ ಖೋರ್ದೆ ಅವೆಸ್ತಾದ ಮೇಲೆ ತೆಗೆದುಕೊಂಡರು. ಮರುವರ್ಷವೇ ದೊಡ್ಡ ಗೆಲುವು ಬಂದಂತೆ ಕಂಡಿತು. ಸಿವಿಲ್ ಸರ್ವಿಸ್ ಪರೀಕ್ಷೆ ಇಂಗ್ಲೆಂಡು ಮತ್ತು ಭಾರತ ಎರಡೂ ಕಡೆ ಒಟ್ಟಿಗೆ ನಡೆಯಬೇಕೆಂಬ ನಿರ್ಣಯವನ್ನು ಹರ್ಬರ್ಟ್ ಪಾಲ್ ಎಂಬ ಸದಸ್ಯರು ಮಂಡಿಸಿದರು, ನವರೋಜಿ ಬೆಂಬಲಿಸಿ ಮಾತಾಡಿದರು. 1893ರ ಜೂನ್ 2ರಂದು ಕಾಮನ್ಸ್ ಸಭೆ ಅದನ್ನು 84–76 ಮತಗಳಿಂದ ಒಪ್ಪಿತು. ಜಗತ್ತಿನ ಅತ್ಯಂತ ಬಲಿಷ್ಠ ಸಂಸತ್ತು ಬಹುಮತದಿಂದ ಹೌದು ಎಂದಿತ್ತು, ಅಧಿಕಾರದಲ್ಲಿದ್ದದ್ದು ಅವರದೇ ಲಿಬರಲ್ ಪಕ್ಷ. ಇನ್ನೇನು ಬೇಕು? ಸರ್ಕಾರ ಅದನ್ನು ಅಭಿಪ್ರಾಯ ಕೇಳಿ ಭಾರತಕ್ಕೆ ಕಳಿಸಿತು. ಮದ್ರಾಸ್ ಸರ್ಕಾರವೊಂದನ್ನು ಬಿಟ್ಟು ಉಳಿದ ಪ್ರಾಂತ್ಯಗಳು ಬೇಡವೆಂದವು. ಕಡತ ಮುಚ್ಚಿತು. ಅವರ ಬದುಕಿನ ಅತ್ಯಂತ ಕ್ರೂರ ಘಟನೆ ಸಾಲಿಸ್ಬರಿಯ ಭಾಷಣವಲ್ಲ, ಇದು ಎಂದು ನನಗನ್ನಿಸುತ್ತದೆ. ಶತ್ರು ಬೈದದ್ದನ್ನು ತಡೆದುಕೊಳ್ಳಬಹುದು. ಮಿತ್ರರು ಒಪ್ಪಿಕೊಂಡು, ಸಹಿ ಹಾಕಿ, ಮರೆತುಬಿಡುವುದನ್ನು ಹೇಗೆ ತಡೆದುಕೊಳ್ಳುವುದು? ಅದೇ ವರ್ಷ, ಕಛ್‌ನಲ್ಲಿ ವೈದ್ಯನಾಗಿದ್ದ ಒಬ್ಬನೇ ಮಗ ಅರ್ದೇಶಿರ್ ತೀರಿಕೊಂಡ. ಆ ದುಃಖ ಹೊತ್ತುಕೊಂಡೇ ಡಿಸೆಂಬರಿನಲ್ಲಿ ಲಾಹೋರ್ ಅಧಿವೇಶನದ ಅಧ್ಯಕ್ಷತೆ ವಹಿಸಿದರು.

ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಂಪನಿಯ ಗೋಡೆಗಳ ಮೇಲೆ ಪಾರದರ್ಶಕತೆ, ಸಮಾನತೆ ಎಂದು ದೊಡ್ಡ ಪೋಸ್ಟರುಗಳಿದ್ದವು. ರಾತ್ರಿ ಪಾಳಿ ಯಾವಾಗಲೂ ಅದೇ ನಾಲ್ವರು ಕಿರಿಯರಿಗೇ ಬೀಳುವುದೇಕೆ ಎಂದು ಒಂದು ಮೀಟಿಂಗಿನಲ್ಲಿ ಪೋಸ್ಟರ್ ತೋರಿಸಿ ಕೇಳಿದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಪಾಳಿ ಬದಲಾಗಲಿಲ್ಲ, ನಾನು ಮತ್ತೆ ಕೇಳಲೂ ಇಲ್ಲ. ಪೋಸ್ಟರ್ ಎಲ್ಲ ಬರೀ ನಾಟಕ ಎಂದುಕೊಂಡು ಸುಮ್ಮನಾಗುವುದು ಎಷ್ಟು ಹಗುರ ಎಂದು ಗೊತ್ತಾಗಿದ್ದು ನವರೋಜಿಯವರ 1893ರ ನಂತರದ ವರ್ಷಗಳನ್ನು ಓದಿದಾಗ. ಅವರು ಪೋಸ್ಟರನ್ನು ನಂಬುವುದನ್ನೂ ಬಿಡಲಿಲ್ಲ, ತೋರಿಸುವುದನ್ನೂ ಬಿಡಲಿಲ್ಲ.

1895ರ ಚುನಾವಣೆಯಲ್ಲಿ ಸೋತರು. ತಮಾಷೆಯೆಂದರೆ ಅದೇ ಚುನಾವಣೆಯಲ್ಲಿ ಇನ್ನೊಬ್ಬ ಪಾರ್ಸಿ, ಮಂಚೇರ್ಜಿ ಭಾವನಗ್ರಿ, ಸಾಲಿಸ್ಬರಿಯ ಪಕ್ಷದಿಂದ ಗೆದ್ದುಬಂದರು. ಆಡಳಿತವನ್ನು ಹೊಗಳುವ ಭಾರತೀಯನಿಗೆ ಕನ್ಸರ್ವೇಟಿವರಲ್ಲೂ ಜಾಗವಿತ್ತು! ಭಾರತದ ವೆಚ್ಚಗಳ ಕುರಿತು ನೇಮಕವಾದ ವೆಲ್ಬಿ ಆಯೋಗದಲ್ಲಿ ನವರೋಜಿ ಸದಸ್ಯರಾದರು, ರಾಯಲ್ ಕಮಿಷನ್ ಒಂದರಲ್ಲಿ ಕೂತ ಮೊದಲ ಭಾರತೀಯ. 1900ರಲ್ಲಿ ವರದಿ ಬಂದಾಗ ವೆಡರ್‌ಬರ್ನ್ ಮತ್ತು ಕೇನ್ ಜೊತೆ ಭಿನ್ನ ವರದಿಗೆ ಸಹಿ ಹಾಕಿದರು. ಆ ಇಬ್ಬರೂ ಬ್ರಿಟನ್ನಿನವರು ಎಂಬುದನ್ನು ಮರೆಯುವಂತಿಲ್ಲ. ಲಂಡನ್ನಿಗೆ ಬರುವ ಭಾರತೀಯ ಹುಡುಗರಿಗೆ ಅವರೇ ಅಜ್ಜ. 1888ರಲ್ಲಿ ಬಂದ ನಾಚಿಕೆಯ ಹುಡುಗ ಗಾಂಧಿ ಪರಿಚಯ ಪತ್ರವನ್ನು ಜೇಬಿನಲ್ಲಿಟ್ಟುಕೊಂಡು, ಅಷ್ಟು ದೊಡ್ಡವರಿಗೆ ಹೇಗೆ ತೊಂದರೆ ಕೊಡುವುದೆಂದು ಬಹಳ ಕಾಲ ಹೋಗಿರಲೇ ಇಲ್ಲ.

ವಯಸ್ಸಾದಂತೆ ಮನುಷ್ಯ ಮೆತ್ತಗಾಗುತ್ತಾನೆ ಎನ್ನುತ್ತಾರೆ. ಇವರು ಗಟ್ಟಿಯಾದರು. 1904ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಅಂತರರಾಷ್ಟ್ರೀಯ ಸಮಾಜವಾದಿ ಸಮ್ಮೇಳನಕ್ಕೆ ಹೋದಾಗ ಈ ಬಿಳಿಗಡ್ಡದ ಮುದುಕನಿಗೆ ಗೌರವ ತೋರಿಸಲು ಸಭೆಯೆಲ್ಲ ಎದ್ದು ಮೌನವಾಗಿ ನಿಂತಿತು. 1906ರ ಆರಂಭದಲ್ಲಿ, ಎಂಬತ್ತರ ವಯಸ್ಸಿನಲ್ಲಿ, ನಾರ್ತ್ ಲ್ಯಾಂಬೆತ್‌ನಿಂದ ಕೊನೆಯ ಬಾರಿ ಚುನಾವಣೆಗೆ ನಿಂತರು. ದೇಶದ ತುಂಬ ಲಿಬರಲ್ ಪಕ್ಷದ ಅಲೆ ಇದ್ದ ವರ್ಷ. ಪಕ್ಷ ಅಲ್ಲಿ ಬೇರೊಬ್ಬರನ್ನು ನಿಲ್ಲಿಸಿತ್ತು. ನವರೋಜಿ ಮೂರನೆಯ ಸ್ಥಾನಕ್ಕೆ ಬಂದರು.

ಆ ಡಿಸೆಂಬರಿನಲ್ಲೇ ಕಲ್ಕತ್ತಾ ಕಾಂಗ್ರೆಸ್. ಪಕ್ಷದೊಳಗೆ ಮಂದಗಾಮಿಗಳೂ ತೀವ್ರಗಾಮಿಗಳೂ ಕಿತ್ತಾಡುತ್ತಿದ್ದ ಹೊತ್ತು. ಮನವಿ ಪತ್ರಗಳ ರಾಜಕೀಯವನ್ನು ಭಿಕ್ಷೆ ಎಂದು ಹೊಸಬರು ಹಂಗಿಸುತ್ತಿದ್ದರು. ಇಬ್ಬರೂ ಒಪ್ಪುವ ಅಧ್ಯಕ್ಷ ಬೇಕಿದ್ದಾಗ ಉಳಿದದ್ದು ಈ ಅಜ್ಜನೊಬ್ಬನೇ. 81 ವರ್ಷ, ಸ್ವರ ಏಳುತ್ತಿರಲಿಲ್ಲ, ಅಧ್ಯಕ್ಷ ಭಾಷಣವನ್ನು ಗೋಖಲೆ ಓದಿದರು. ಅದರಲ್ಲಿ ಭಾರತಕ್ಕೆ ಬೇಕಾದದ್ದು ಸ್ವರಾಜ್ಯ ಎಂಬ ಮಾತು ಕಾಂಗ್ರೆಸ್ಸಿನ ಅಧ್ಯಕ್ಷ ವೇದಿಕೆಯಿಂದ ಬಂತು. ಯಾವ ಸ್ವರಾಜ್ಯ? ಬ್ರಿಟನ್ನಿನಲ್ಲೋ ಅದರ ವಸಾಹತುಗಳಲ್ಲೋ ಇರುವಂಥದ್ದು. ಅಲ್ಲಿಯೂ ಅಳತೆಗೋಲು ಇಂಗ್ಲೆಂಡಿನದೇ. ನೀವು ನಿಮಗಾಗಿ ಮಾಡಿಕೊಂಡದ್ದನ್ನು ನಾವು ನಮಗಾಗಿ ಮಾಡಿಕೊಳ್ಳುತ್ತೇವೆ ಎಂಬಲ್ಲಿಗೆ ಬಂದಿದ್ದರು. ಅವರು ಮೊದಲೇ ಬರಬೇಕಿತ್ತು, ತಪ್ಪು ಬಾಗಿಲನ್ನು ನಲವತ್ತು ವರ್ಷ ತಟ್ಟಿದರು ಎನ್ನುವವರಿದ್ದಾರೆ. ಅನ್‌ಬ್ರಿಟಿಷ್ ಎಂದು ಅವರು ಕರೆದದ್ದೇ ಅಸಲಿ ಬ್ರಿಟಿಷ್ ಆಗಿತ್ತು ಎನ್ನುವವರೂ ಇದ್ದಾರೆ. ಸೋರಿಕೆಯ ಅಂಕಿ ಅಂಶಗಳನ್ನು ನೋಡಿದರೆ ಎರಡನೆಯ ಮಾತನ್ನು ತಳ್ಳಿಹಾಕುವುದು ನನಗೂ ಕಷ್ಟ. ಆದರೆ ಬಾಗಿಲು ತಟ್ಟಿದ ಸದ್ದಿಗೇ ಊರು ಎದ್ದದ್ದೂ ನಿಜ. ಅವರ ಲೆಕ್ಕವಿಲ್ಲದಿದ್ದರೆ ಮುಂದಿನವರ ಸಿಟ್ಟಿಗೆ ಆಧಾರ ಎಲ್ಲಿರುತ್ತಿತ್ತು?

1907ರಲ್ಲಿ ಶಾಶ್ವತವಾಗಿ ಭಾರತಕ್ಕೆ ಮರಳಿ ವರ್ಸೋವಾದಲ್ಲಿ ನೆಲೆಸಿದರು. ಈಗ ಅದು ನಮಗೆ ಮೆಟ್ರೋ ಲೈನಿನ ಕೊನೆಯ ಸ್ಟೇಷನ್, ಆಗ ಸಮುದ್ರದಂಡೆಯ ಮೀನುಗಾರರ ಹಳ್ಳಿ. ತೀರಿಹೋದ ಮಗನ ಹೆಣ್ಣುಮಕ್ಕಳು, ಅಂದರೆ ನವರೋಜಿಯವರ ಮೊಮ್ಮಕ್ಕಳಾದ ಪೆರಿನ್, ಗೋಶಿ, ಖುರ್ಷೇದ್, ಮುಂದೆ ಗಾಂಧಿಯವರ ಚಳವಳಿಗೆ ಇಳಿದರು. 1916ರಲ್ಲಿ ಬಾಂಬೆ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 1917ರ ಜೂನ್ 30ರಂದು, 91ನೆಯ ವಯಸ್ಸಿನಲ್ಲಿ, ನವರೋಜಿ ತೀರಿಕೊಂಡರು.

ಏಳು ವಾರಗಳ ನಂತರ, ಆಗಸ್ಟ್ 20ರಂದು, ಭಾರತಕ್ಕೆ ಹಂತಹಂತವಾಗಿ ಜವಾಬ್ದಾರಿ ಸರ್ಕಾರ ಕೊಡುವುದೇ ತಮ್ಮ ಗುರಿ ಎಂದು ಕಾಮನ್ಸ್ ಸಭೆಯಲ್ಲಿ ಮಾಂಟೆಗು ಘೋಷಿಸಿದರು. ಇನ್ನೊಂದು ಮಾತು ಕೊಟ್ಟದ್ದಾಯಿತು. 1893ರಲ್ಲಿ ಅದೇ ಸಭೆ ಒಪ್ಪಿದ್ದ ಪರೀಕ್ಷೆ ಭಾರತದ ನೆಲದಲ್ಲಿ, ಅಲಹಾಬಾದಿನಲ್ಲಿ, ಮೊದಲ ಬಾರಿಗೆ ನಡೆದದ್ದು 1922ರಲ್ಲಿ.